೫೧-ಸಿ ನಕ್ಷೆ ಮತ್ತು ಹೊಸ ತಲೆಮಾರಿನ ಮನೆ

ಚರಿತ್ರೆಯ ಆಧಾರಗಳೆಂದು ನಾವು ಸಾಮಾನ್ಯವಾಗಿ ಎಣಿಸುವುದು ಶಾಸನ, ನಾಣ್ಯ, ಕಡತ, ಪ್ರವಾಸಿಗಳ ಬರೆಹ ಮುಂತಾದುವನ್ನು. ವಾಸದ ಮನೆಯ ನಕ್ಷೆಯನ್ನು, ಅದರಲ್ಲಿಯೂ ಅರಮನೆಯಲ್ಲದ, ದೇವಾಲಯವಲ್ಲದ, ಸಾಮಾನ್ಯ ಬಾಡಿಗೆದಾರನೊಬ್ಬನ ಮನೆಯ ನಕ್ಷೆಯನ್ನು ಆಧಾರವೆಂದು ಓದುವ ಅಭ್ಯಾಸ ನಮ್ಮಲ್ಲಿ ಇನ್ನೂ ಬೇರೂರಿಲ್ಲ. ಜಪಾನಿನಲ್ಲಿ ಹಾಗಲ್ಲ. ಅಲ್ಲಿ ೧೯೫೧ರಲ್ಲಿ ಸಿದ್ಧವಾದ ಒಂದು ಚಿಕ್ಕ ನಕ್ಷೆಯನ್ನು ಕುರಿತು ಅರ್ಧ ಶತಮಾನ ಕಳೆದ ಮೇಲೆಯೂ ವಿದ್ವಾಂಸರು ಬಿರುಸಾಗಿ ವಾದಿಸಿದರು. ೨೦೦೪ರಲ್ಲಿ ಆ ವಾದವೇ ಒಂದು ಪುಸ್ತಕವಾಯಿತು. ಆ ನಕ್ಷೆಯ ಹೆಸರು ೫೧-ಸಿ. ಯುದ್ಧಾನಂತರದ ಹೊಸ ತಲೆಮಾರಿಗೆ 'ಮನೆ' ಎಂದರೆ ಏನೆಂಬುದನ್ನು ಈ ನಕ್ಷೆಯೇ ಕಲಿಸಿತೆಂದು ಒಂದು ಪಕ್ಷ. ಅಂಥ ಉದ್ದೇಶವೇ ಅದಕ್ಕಿರಲಿಲ್ಲ, ಇಲ್ಲದ ಹೊರೆಯನ್ನು ಅದರ ತಲೆಯ ಮೇಲೆ ಹೊರಿಸಲಾಗಿದೆ ಎಂದು ಇನ್ನೊಂದು ಪಕ್ಷ. ಈ ವಾದವನ್ನು ಪರಿಶೀಲಿಸಿ, ನಕ್ಷೆಯ ಪಕ್ಕದಲ್ಲಿಟ್ಟು ಓದಲೇಬೇಕಾದ ಮತ್ತೊಂದು ಆಧಾರವನ್ನು ಮುಂದಿಡುವುದು ಪ್ರಕೃತ ಲೇಖನದ ಉದ್ದೇಶ. ವಾಸ್ತುಶಾಸ್ತ್ರದಲ್ಲಿ ನಮಗೆ ವಿಶೇಷ ಪರಿಶ್ರಮವಿಲ್ಲ. ಆದರೆ ದಾಖಲೆಯೊಂದನ್ನು ಹೇಗೆ ಓದಬೇಕೆಂಬ ಪ್ರಶ್ನೆ ಎಲ್ಲರಿಗಿಂತ ಹೆಚ್ಚಾಗಿ ಚರಿತ್ರೆಯ ಅಧ್ಯಾಪಕರದೇ ಆಗಿರುವುದರಿಂದ ಈ ಸಾಹಸಕ್ಕೆ ಕೈಹಾಕಿದ್ದೇವೆ.

ಮೊದಲು ಸಂದರ್ಭ. ೧೯೪೫ರಲ್ಲಿ ಯುದ್ಧ ಮುಗಿದಾಗ ಜಪಾನಿನಲ್ಲಿ ಕೊರತೆ ಬಿದ್ದಿದ್ದ ಮನೆಗಳ ಸಂಖ್ಯೆ ೪೨ ಲಕ್ಷವೆಂದು ಆಗಿನ ಸರ್ಕಾರದ ಅಂದಾಜು. ಮರ ಮತ್ತು ಕಾಗದದಿಂದ ಕಟ್ಟಿದ ನಗರಗಳು ಬೆಂಕಿಬಾಂಬುಗಳಿಗೆ ಸಿಕ್ಕಿ ಬೂದಿಯಾಗಿದ್ದುವು. ಹೊರನಾಡುಗಳಲ್ಲಿದ್ದ ಸೈನಿಕರೂ ವಲಸೆಗಾರರೂ ಹಡಗು ಹಡಗಾಗಿ ಹಿಂದಿರುಗುತ್ತಿದ್ದರು. ಗುಡಿಸಲುಗಳಲ್ಲಿಯೂ ಕೆಟ್ಟುನಿಂತ ಬಸ್ಸುಗಳಲ್ಲಿಯೂ ಸಂಸಾರಗಳು ವಾಸಮಾಡುತ್ತಿದ್ದ ಕಾಲವದು. ಇಂಥ ಸಮಯದಲ್ಲಿ ಯಾವ ಸರ್ಕಾರವೇ ಆಗಲಿ ಕೇಳುವ ಪ್ರಶ್ನೆ 'ಎಷ್ಟು ಮನೆ?' ಎಂಬುದೇ ಹೊರತು 'ಎಂಥ ಮನೆ?' ಎಂಬುದಲ್ಲ. ಜಪಾನಿನ ವಿಶೇಷವೇನೆಂದರೆ, ಎರಡನೆಯ ಪ್ರಶ್ನೆಯನ್ನು ಕೇಳುವವರು ಅಲ್ಲಿ ಯುದ್ಧಕ್ಕೆ ಮೊದಲೇ ಹುಟ್ಟಿಕೊಂಡಿದ್ದರು.

ಅವರಲ್ಲಿ ಮುಖ್ಯರಾದವರು ಕ್ಯೋಟೋದ ನಿಶಿಯಾಮ ಉಝೋ. ಜನ ಹೇಗೆ ವಾಸಿಸಬೇಕೆಂದು ಹೇಳುವ ಮೊದಲು ಹೇಗೆ ವಾಸಿಸುತ್ತಿದ್ದಾರೆಂದು ನೋಡಬೇಕೆಂಬುದು ಅವರ ಪಟ್ಟು. ಆ ಕಾಲದಲ್ಲಿ ಪ್ರಚಲಿತವಾಗಿದ್ದ ಮತವೊಂದಿತ್ತು: ಜಪಾನೀ ಮನೆಯ ಕೋಣೆಗೆ ಗೊತ್ತಾದ ಒಂದೇ ಉಪಯೋಗವಿಲ್ಲ, ನೆಲದಲ್ಲಿ ತಾತಾಮಿ ಚಾಪೆ, ಹಾಸಿಗೆ ಮಡಿಚಿ ಗೂಡಿನಲ್ಲಿಡುವಂಥದು, ಆದುದರಿಂದ ಹಗಲು ಉಂಡ ಕೋಣೆಯಲ್ಲೇ ರಾತ್ರಿ ಮಲಗಬಹುದು, ಬಡವರಿಗೆ ಕಟ್ಟುವ ಚಿಕ್ಕ ಮನೆಯಲ್ಲಿ ಊಟಕ್ಕೆಂದು ಬೇರೆ ಸ್ಥಳ ದಂಡ. ಕೇಳುವುದಕ್ಕೆ ಇದು ಬಹಳ ಸಮಂಜಸವಾದ ಮತ. ನಮ್ಮ ನಡುಮನೆಯನ್ನು ಕುರಿತೂ ಇಂಥ ಮಾತನ್ನು ಹೇಳಬಹುದು. ನಿಶಿಯಾಮರು ಕಾರ್ಮಿಕರ ಚಿಕ್ಕ ಮನೆಗಳನ್ನು ಒಂದೊಂದಾಗಿ ಪರಿಶೀಲಿಸಿದಾಗ ಕಂಡದ್ದು ಬೇರೆ. ಎರಡೇ ಕೋಣೆಯಿರುವ ಮನೆಯಲ್ಲಿಯೂ ಜನ ಒಂದು ಕೋಣೆಯಲ್ಲಿ ಒಬ್ಬರ ಮೇಲೊಬ್ಬರು ಬೀಳುವಂತೆ ಮಲಗಿ, ಇನ್ನೊಂದನ್ನು ಊಟಕ್ಕೆಂದು ಬಿಟ್ಟುಕೊಳ್ಳುತ್ತಿದ್ದರು. ಮಲಗುವುದಕ್ಕೆ ಇಕ್ಕಟ್ಟಾದರೂ ಸೈರಿಸಿಯಾರು, ಹಾಸಿಗೆ ಎತ್ತಿದ ಧೂಳಿನಲ್ಲಿ ಉಣ್ಣಲಾರರು. ೧೯೪೨ರಲ್ಲಿ ಅವರು ಮಂಡಿಸಿದ ಈ ವಾದಕ್ಕೆ ಊಟ-ನಿದ್ರೆಗಳ ಪ್ರತ್ಯೇಕತೆಯ ಸಿದ್ಧಾಂತವೆಂದು ಹೆಸರಾಯಿತು. ಇದು ಯುರೋಪಿನಿಂದ ತಂದ ಸಿದ್ಧಾಂತವಲ್ಲ, ಸುಖವಂತರ ಅಭಿರುಚಿಯೂ ಅಲ್ಲ. ಇಕ್ಕಟ್ಟಿನಲ್ಲಿಯೂ ಜನ ಬಿಟ್ಟುಕೊಡದ ಒಂದು ನಿಯಮವನ್ನು ನೋಡಿ ಬರೆದದ್ದು. ಈ ಅಂಶವನ್ನು ವಾಚಕರು ನೆನಪಿನಲ್ಲಿಡಬೇಕೆಂದು ಕೋರುತ್ತೇವೆ. ಮುಂದಿನ ವಾದಕ್ಕೆ ಇದೇ ಅಡಿಗಲ್ಲು.

೧೯೫೧ರಲ್ಲಿ ಸಾರ್ವಜನಿಕ ವಸತಿ ಕಾಯಿದೆ ಜಾರಿಗೆ ಬಂದಿತು. ಸರ್ಕಾರದ ಧನಸಹಾಯದಿಂದ ಸ್ಥಳೀಯ ಆಡಳಿತಗಳು ಬಾಡಿಗೆ ಮನೆಗಳನ್ನು ಕಟ್ಟಬೇಕು. ಅವುಗಳಿಗೆ ಮಾದರಿ ನಕ್ಷೆಗಳು ಬೇಕು. ಎ, ಬಿ, ಸಿ ಎಂದು ಅಳತೆಯ ಪ್ರಕಾರ ಮೂರು ದರ್ಜೆಗಳಾದುವು. ಅತ್ಯಂತ ಚಿಕ್ಕದಾದ ಸಿ ದರ್ಜೆ ೧೨ ತ್ಸುಬೊ, ಎಂದರೆ ಸುಮಾರು ೪೦ ಚದರ ಮೀಟರು. ನಮ್ಮ ಮೇಸ್ತ್ರಿಗಳ ಲೆಕ್ಕದಲ್ಲಿ ನಾಲ್ಕೂಕಾಲು ಚದರ. ಟೋಕಿಯೋ ವಿಶ್ವವಿದ್ಯಾನಿಲಯದಲ್ಲಿ ಯೋಶಿತಾಕೆ ಯಾಸುಮಿ ಅವರ ಸಂಶೋಧನ ವಿಭಾಗ, ಅದರಲ್ಲಿ ಆಗಿನ್ನೂ ಯುವಕರಾಗಿದ್ದ ಸುಝುಕಿ ಶಿಗೆಬುಮಿ ಮೊದಲಾದವರು ಈ ದರ್ಜೆಯ ನಕ್ಷೆಯನ್ನು ಸಿದ್ಧಪಡಿಸಿದರು. ಆರು ಚಾಪೆಯ ಒಂದು ಕೋಣೆ, ನಾಲ್ಕೂವರೆ ಚಾಪೆಯ ಒಂದು ಕೋಣೆ. ಅಡಿಗೆಮನೆಯನ್ನು ತುಸು ಹಿಗ್ಗಿಸಿ, ಹಲಗೆಯ ನೆಲ ಹಾಸಿ, ಅಲ್ಲಿಯೇ ಊಟವೂ ಆಗುವಂತೆ ಮಾಡಿದರು. ನಿಶಿಯಾಮರ ಸಿದ್ಧಾಂತಕ್ಕೆ ಹೀಗೆ ಸ್ಥಳ ದೊರೆಯಿತು.

ಇದಕ್ಕಿಂತ ಕುತೂಹಲಕರವಾದುದು ಎರಡು ಕೋಣೆಗಳ ನಡುವಣ ಗೋಡೆ. ಜಪಾನೀ ಮನೆಯಲ್ಲಿ ಕೋಣೆಗಳ ನಡುವೆ ಇರುತ್ತಿದ್ದುದು ಫುಸುಮ ಎಂಬ ಸರಿಸುವ ಕಾಗದದ ಕದ. ಅದನ್ನು ತೆಗೆದುಬಿಟ್ಟರೆ ಎರಡು ಕೋಣೆ ಒಂದಾಗುತ್ತದೆ. ೫೧-ಸಿ ನಕ್ಷೆಯಲ್ಲಿ ಆ ಸ್ಥಳದಲ್ಲಿ ನಿಜವಾದ ಗೋಡೆಯನ್ನೇ ಎಬ್ಬಿಸಿದರು. ತಂದೆತಾಯಿಗಳು ಮತ್ತು ಬೆಳೆದ ಮಕ್ಕಳು ಬೇರೆ ಬೇರೆಯಾಗಿ ಮಲಗುವಂತಾಗಬೇಕು, ಕಾಗದದ ಕದ ಅದಕ್ಕೆ ಸಾಲದು ಎಂಬುದು ಅವರ ವಾದ. ನಾಲ್ಕೂಕಾಲು ಚದರದೊಳಗೆ ಗಾಳಿಬೆಳಕಿನ ಓಡಾಟವನ್ನೂ ವಿಶಾಲತೆಯ ಭಾವನೆಯನ್ನೂ ಬಲಿಕೊಟ್ಟು ಗೋಡೆ ಕಟ್ಟುವುದೆಂದರೆ ಸಾಮಾನ್ಯ ನಿರ್ಧಾರವಲ್ಲ. ಮುಂದೆ ಬಂದ ಅನೇಕ ನಕ್ಷೆಗಳಲ್ಲಿ ಈ ಗೋಡೆ ಮಾಯವಾಗಿ ಸರಿಸುವ ಕದ ಮತ್ತೆ ಬಂದಿತು. ಇಡೀ ನಕ್ಷೆಯಲ್ಲಿ ನಮಗೆ ಅತ್ಯಂತ ಧೀರವೆಂದು ತೋರುವ ಗೆರೆ ಇದೊಂದೇ. ಚರಿತ್ರೆ ಅಳಿಸಿದ್ದೂ ಈ ಗೆರೆಯನ್ನೇ.

ನಮ್ಮ ಸ್ನಾತಕೋತ್ತರ ತರಗತಿಯಲ್ಲಿ ಈ ನಕ್ಷೆಯನ್ನು ಕಪ್ಪುಹಲಗೆಯ ಮೇಲೆ ಬರೆದು ತೋರಿಸಿದಾಗ ವಿದ್ಯಾರ್ಥಿಗಳು ಕೇಳಿದ ಮೊದಲ ಪ್ರಶ್ನೆ 'ದೇವರ ಮನೆ ಎಲ್ಲಿ?' ಎಂಬುದು. ಎರಡನೆಯದು ಹಿಂದಿನ ಬೆಂಚಿನಿಂದ ಬಂದಿತು: 'ಅಜ್ಜಿ ಎಲ್ಲಿ ಮಲಗುತ್ತಾರೆ?' ತರಗತಿ ನಕ್ಕಿತು, ನಾವೂ ನಕ್ಕೆವು. ಆದರೆ ನಕ್ಷೆಯನ್ನು ಕುರಿತು ಪಂಡಿತರು ಕೇಳಿರುವ ಪ್ರಶ್ನೆಗಳಲ್ಲಿ ಇದಕ್ಕಿಂತ ಸರಿಯಾದುದನ್ನು ನಾವು ಕಾಣೆವು. ಅದೇ ವಿದ್ಯಾರ್ಥಿಗಳು ಬೆಂಗಳೂರಿನ ವೃತ್ತಪತ್ರಿಕೆಗಳ ಜಾಹೀರಾತುಗಳಲ್ಲಿ ದಿನವೂ ಕಾಣುವ 'ಎರಡು ಬಿ. ಎಚ್. ಕೆ.' ಎಂಬ ಸೂತ್ರವನ್ನು ಕುರಿತು ಇಂಥ ಪ್ರಶ್ನೆಯನ್ನು ಕೇಳಿದ್ದುಂಟೆ ಎಂದು ವಿಚಾರಿಸಿದೆವು. ಯಾರೂ ಕೇಳಿರಲಿಲ್ಲ. ಪರಿಚಿತವಾದ ಸೂತ್ರ ಕಣ್ಣಿಗೆ ಬೀಳುವುದಿಲ್ಲ, ಪರದೇಶದ್ದಾದರೆ ಬೀಳುತ್ತದೆ.

ಜಪಾನಿಗೂ ಇಂಥ ಸೂತ್ರವೊಂದು ಬಂದಿತು. ೧೯೫೫ರಲ್ಲಿ ಜಪಾನ್ ವಸತಿ ನಿಗಮ ಸ್ಥಾಪನೆಯಾಯಿತು. ಸಾರ್ವಜನಿಕ ವಸತಿ ಕಾಯಿದೆಯ ಮನೆಗಳು ಕಡಿಮೆ ವರಮಾನದವರಿಗೆ. ನಿಗಮದ ಮನೆಗಳಾದರೋ ದೊಡ್ಡ ನಗರಗಳ ಸಂಬಳದಾರರಾದ ಮಧ್ಯಮವರ್ಗದವರಿಗೆ. ೧೯೫೬ರಲ್ಲಿ ಒಸಾಕಾ ಪ್ರಾಂತ್ಯದ ಸಕಾಯಿಯಲ್ಲಿ ಕನವೋಕ ಎಂಬ ಮೊದಲ ಬಡಾವಣೆ ಜನವಾಸಕ್ಕೆ ತೆರೆಯಿತು. ಇಂಥ ಕಟ್ಟಡಸಮೂಹಕ್ಕೆ ದಂಚಿ ಎಂದು ಹೆಸರು. ಅಡಿಗೆ-ಊಟದ ಕೋಣೆಗೆ ನಿಗಮ ಇಂಗ್ಲಿಷಿನಿಂದ ಹೆಸರು ಕಟ್ಟಿತು, 'ಡೈನಿಂಗ್ ಕಿಚನ್' ಎಂದು. ಎರಡು ಕೋಣೆಯೊಡನೆ ಇದು ಸೇರಿದರೆ '೨ ಡಿ. ಕೆ.'. ೫೧-ಸಿಯಲ್ಲಿ ಸ್ಥಳದ ಅಭಾವದಿಂದ ಹುಟ್ಟಿದ ಒಂದು ಹೊಂದಾಣಿಕೆ ಇಲ್ಲಿ ಬಿರುದಾಯಿತು. ನೆಲದ ಮೇಲೆ ಕುಳಿತು ಗಿಡ್ಡ ಮೇಜಿನಲ್ಲಿ ಉಣ್ಣುತ್ತಿದ್ದ ಜನರ ಹತ್ತಿರ ಕುರ್ಚಿಯ ಎತ್ತರಕ್ಕೆ ಸರಿಯಾದ ಊಟದ ಮೇಜು ಎಲ್ಲಿಂದ ಬರಬೇಕು? ಆದುದರಿಂದ ಮೊದಮೊದಲ ದಂಚಿಗಳಲ್ಲಿ ನಿಗಮವೇ ಮೇಜನ್ನು ಮನೆಯೊಡನೆ ಒದಗಿಸಿತು. ಬಾಡಿಗೆಗೆ ಕೊಡುವವರು ಗೋಡೆ, ನೆಲ, ಬಾಗಿಲುಗಳನ್ನು ಕೊಡುವುದು ವಾಡಿಕೆ. ಇಲ್ಲಿ ಉಣ್ಣುವ ಭಂಗಿಯನ್ನೂ ಕೊಟ್ಟರು.

ಈ ಮೇಜಿನ ಹಿಂದೆ ಒಂದು ವಿಚಾರಸರಣಿ ಇದ್ದಿತು, ಅದನ್ನು ಕೇವಲ ಅನುಕರಣೆಯೆಂದು ತಳ್ಳಿಹಾಕುವುದು ನ್ಯಾಯವಲ್ಲ. ಜಪಾನಿನಲ್ಲಿ ವಾಸ್ತುಶಿಲ್ಪಿಯೆಂದು ಅಧಿಕೃತ ಪರವಾನಗಿ ಪಡೆದ ಮೊದಲ ಮಹಿಳೆ ಹಮಾಗುಚಿ ಮಿಹೋ ೧೯೪೯ರಲ್ಲಿ ಜಪಾನೀ ಮನೆಯ ಊಳಿಗಮಾನ್ಯತೆಯನ್ನು ಖಂಡಿಸಿ ಒಂದು ಪುಸ್ತಕವನ್ನೇ ಬರೆದಿದ್ದರು. ಅತಿಥಿಗೆ ಒಳ್ಳೆಯ ಕೋಣೆ, ಯಜಮಾನನಿಗೆ ಅದರ ಪಕ್ಕದ್ದು, ಅಡಿಗೆ ಮಾಡುವವಳಿಗೆ ಉತ್ತರದ ಕತ್ತಲೆಯ ಮೂಲೆ, ಇದು ಅವರು ಕಂಡ ವ್ಯವಸ್ಥೆ. ಮುಂಬಾಗಿಲಿನ ಆಡಂಬರ ಕೂಡ ಅಂತಸ್ತಿನ ಪ್ರದರ್ಶನವೆಂದು ಅವರ ಆಕ್ಷೇಪ. ಅಡಿಗೆಯ ಸ್ಥಳವನ್ನು ಮನೆಯ ಮಧ್ಯಕ್ಕೆ ತಂದು, ಒಂದೇ ಹಾಳೆಯಿಂದ ಒತ್ತಿ ತೆಗೆದ ತುಕ್ಕುಹಿಡಿಯದ ಉಕ್ಕಿನ ತೊಟ್ಟಿಯನ್ನಿಟ್ಟು, ಅಡಿಗೆಯವಳ ಹೆಜ್ಜೆಗಳನ್ನು ಲೆಕ್ಕಹಾಕಿ ಒಲೆ-ತೊಟ್ಟಿಗಳ ಸ್ಥಾನ ಗೊತ್ತುಮಾಡಿದ ಕೆಲಸದಲ್ಲಿ ನಿಗಮಕ್ಕೆ ಅವರ ಸಲಹೆಯಿತ್ತು. ನಮ್ಮ ಹಳೆಯ ತೊಟ್ಟಿಮನೆಗಳ ಅಡಿಗೆಕೋಣೆಯ ಹೊಗೆಯನ್ನು ಕಂಡವರು ಹಮಾಗುಚಿಯವರ ಮಾತನ್ನು ಸುಲಭವಾಗಿ ಅಲ್ಲಗಳೆಯಲಾರರು. ಆದರೆ ಒಂದು ಸಂಗತಿಯನ್ನು ಗಮನಿಸಬೇಕು. ನಿಶಿಯಾಮರು ಜನರನ್ನು ನೋಡಿ ನಕ್ಷೆಗೆ ಬಂದರು. ಹಮಾಗುಚಿಯವರು ನಕ್ಷೆಯಿಂದ ಜನರನ್ನು ತಿದ್ದಲು ಹೊರಟರು. ಎರಡು ದಾರಿಯೂ ಒಂದೇ ಕೋಣೆಯಲ್ಲಿ ಬಂದು ಸೇರಿದುವು. ಬಂದ ದಾರಿ ಬೇರೆಯೆಂಬುದನ್ನು ಅನಂತರದವರು ಮರೆತರು. ನಾವು ಮುಂದೆ ಹೇಳಲಿರುವ ವಾದದ ಗೊಂದಲವೆಲ್ಲ ಈ ಮರೆವಿನಿಂದ ಹುಟ್ಟಿದುದೆಂದು ನಮ್ಮ ಭಾವನೆ.

ದಂಚಿಯ ಮನೆ ಯುವಕ ಯುವತಿಯರ ಕನಸಾಯಿತೆಂಬುದರಲ್ಲಿ ಸಂದೇಹವಿಲ್ಲ. ಮನೆಗಳನ್ನು ಚೀಟಿ ಎತ್ತಿ ಹಂಚಬೇಕಾದಷ್ಟು ಅರ್ಜಿಗಳು ಬರುತ್ತಿದ್ದುವು. ೧೯೫೮ರಲ್ಲಿ ವಾರಪತ್ರಿಕೆಯೊಂದು 'ದಂಚಿಯ ಕುಲ' ಎಂಬ ಹೊಸ ಮಾತನ್ನೇ ಬಳಕೆಗೆ ತಂದಿತು. ೧೯೬೦ರ ಸೆಪ್ಟೆಂಬರಿನಲ್ಲಿ, ಹಿಂದಿನ ವರ್ಷವಷ್ಟೇ ಮದುವೆಯಾಗಿದ್ದ ಯುವರಾಜ ಅಕಿಹಿತೋ ಮತ್ತು ಯುವರಾಣಿ ಮಿಚಿಕೋ ಟೋಕಿಯೋದ ಹೊರವಲಯದ ಹಿಬರಿಗವೋಕ ದಂಚಿಗೆ ಬಂದು ಮನೆಯೊಂದನ್ನು ನೋಡಿದರು; ರಾಜದಂಪತಿಗಳು ಬಾಲ್ಕನಿಯಲ್ಲಿ ನಿಂತ ಚಿತ್ರ ದೇಶಕ್ಕೆಲ್ಲ ಪರಿಚಿತವಾಯಿತು. ಆ ಮನೆಗಳಲ್ಲಿ ಸ್ವಂತ ಸ್ನಾನದ ಮನೆ, ನೀರು ಹರಿಯುವ ಕಕ್ಕಸು, ಇವೆರಡಕ್ಕಿಂತ ಹೆಚ್ಚಾಗಿ, ಹೊರಬಾಗಿಲಿಗೆ ಉಕ್ಕಿನ ಕದ ಮತ್ತು ಭದ್ರವಾದ ಬೀಗ. ಬೀಗ ಹಾಕಿಕೊಂಡು ಗಂಡಹೆಂಡಿರಿಬ್ಬರೂ ಹೊರಗೆ ಹೋಗಬಹುದು, ಮನೆ ಕಾಯಲು ಹಿರಿಯರೊಬ್ಬರು ಇರಬೇಕಾಗಿಲ್ಲ. ಅತ್ತೆಯ ಕಣ್ಣಿನ ಕೆಳಗೆ ಬಾಳಿದ ಸೊಸೆಗೆ ಈ ಬೀಗ ಏನಾಗಿ ತೋರಿರಬೇಕೆಂಬುದನ್ನು ನಮ್ಮ ದೇಶದ ವಾಚಕರಿಗೆ ವಿವರಿಸುವುದು ಅನಾವಶ್ಯಕ. ಅದಂತಿರಲಿ, ಕನಸಿನ ಅಳತೆ ಮಾತ್ರ ಚಿಕ್ಕದು. ಕ್ಯೋಟೋ ಪದ್ಧತಿಯ ಚಾಪೆ ಸುಮಾರು ೯೫ ಸೆಂಟಿಮೀಟರು ಅಗಲ, ೧೯೧ ಸೆಂಟಿಮೀಟರು ಉದ್ದ. ದಂಚಿಯ ಚಾಪೆ ೮೫ ಅಗಲ, ೧೭೦ ಉದ್ದ. 'ಆರು ಚಾಪೆ' ಎಂಬ ಹೆಸರನ್ನು ಉಳಿಸಿಕೊಂಡೇ ಕೋಣೆಯ ಐದನೆಯ ಒಂದು ಪಾಲನ್ನು ಕಳೆದರು. ಬಳ್ಳವನ್ನು ಕಿರಿದುಮಾಡಿ ಲೆಕ್ಕ ಸರಿಯೆನ್ನುವ ವ್ಯಾಪಾರಿಯ ಚಾತುರ್ಯ ನಮಗೆ ಇಲ್ಲಿ ನೆನಪಾಗುತ್ತದೆ.

ಈಗ ವಾದಕ್ಕೆ ಬರೋಣ. ವಾಸ್ತುಶಿಲ್ಪಿ ಯಾಮಾಮೋಟೋ ರಿಕೆನ್, ಸಮಾಜಶಾಸ್ತ್ರಜ್ಞೆ ಉಯೆನೋ ಚಿಝುಕೋ ಮೊದಲಾದವರ ನಿಲವು ಸ್ಥೂಲವಾಗಿ ಹೀಗೆ: ಒಂದು ಸಂಸಾರಕ್ಕೆ ಒಂದು ಮನೆ ಎಂಬ ವ್ಯವಸ್ಥೆ ಪ್ರಕೃತಿಸಹಜವಲ್ಲ. ಗಂಡ, ಹೆಂಡತಿ, ಒಂದೆರಡು ಮಕ್ಕಳು, ಇಷ್ಟೇ 'ಸಂಸಾರ' ಎಂಬ ಭಾವನೆಯನ್ನು ಯುದ್ಧಾನಂತರದ ವಸತಿನೀತಿ ಗೋಡೆ ಕಟ್ಟಿ ಭದ್ರಪಡಿಸಿತು. ೫೧-ಸಿ ಅದರ ಮೂಲರೂಪ. ಅದಕ್ಕೆ ಕುಳಿತುಕೊಳ್ಳುವ ಕೋಣೆ ಸೇರಿ, ಮುಂದೆ ವ್ಯಾಪಾರಸ್ಥರ ಜಾಹೀರಾತಿನ '೩ ಎಲ್. ಡಿ. ಕೆ.' ಮುಂತಾದುವು ಹುಟ್ಟಿದುವು. ಇಂದು ಸಂಸಾರವೇ ಬದಲಾಗಿದೆ, ಪೆಟ್ಟಿಗೆ ಮಾತ್ರ ಹಾಗೆಯೇ ಉಳಿದಿದೆ. ಇದಕ್ಕೆ ವೃದ್ಧರಾಗಿದ್ದ ಸುಝುಕಿಯವರ ಉತ್ತರ: ನಾವು ಯಾವ ಆದರ್ಶ ಸಂಸಾರದ ಮಾದರಿಯನ್ನೂ ಬರೆಯಲಿಲ್ಲ. ಬಡತನದ ಕಾಲದಲ್ಲಿ, ಕೊಟ್ಟ ಅಳತೆಯೊಳಗೆ, ಉಣ್ಣುವ ಮತ್ತು ಮಲಗುವ ಮಾನವನ್ನು ಕಾಪಾಡಲು ಯತ್ನಿಸಿದೆವು. ಮಾರಾಟದ ಮನೆಗಳ ಸೂತ್ರಕ್ಕೂ ನಮ್ಮ ನಕ್ಷೆಗೂ ವಂಶಸಂಬಂಧವಿಲ್ಲ.

ನಕ್ಷೆಯ ಹುಟ್ಟಿನ ವಿಷಯದಲ್ಲಿ ಸುಝುಕಿಯವರ ಮಾತೇ ಸರಿ. ಕರ್ತೃವಿನ ಮಾತೆಂಬ ಕಾರಣಕ್ಕಲ್ಲ; ಕರ್ತೃಗಳು ತಮ್ಮ ಕೃತಿಯ ಬಗ್ಗೆ ಐವತ್ತು ವರ್ಷಗಳ ಮೇಲೆ ಹೇಳುವುದನ್ನು ಚರಿತ್ರೆಕಾರನು ಎಚ್ಚರದಿಂದಲೇ ಕೇಳಬೇಕು. ನಕ್ಷೆಯೊಳಗಿನ ಗೋಡೆಯೇ ಅವರ ಸಾಕ್ಷಿ. ಸಂಸಾರದ ಒಗ್ಗಟ್ಟನ್ನು ಚಿತ್ರಿಸಬೇಕೆಂಬ ಆಸೆಯಿದ್ದವರು ಕಾಗದದ ಕದವನ್ನು ಕಿತ್ತು ಗೋಡೆ ಕಟ್ಟುತ್ತಿರಲಿಲ್ಲ. ಆ ಗೋಡೆ ಮನೆಯೊಳಗಿನ ಒಬ್ಬರಿಂದ ಇನ್ನೊಬ್ಬರನ್ನು ಕಾಯುವಂಥದು. ಮಾರಾಟದ ಮನೆಯ ಕೇಂದ್ರವಾದರೋ ದೂರದರ್ಶನ ಪೆಟ್ಟಿಗೆಯ ಮುಂದೆ ಎಲ್ಲರೂ ಕೂಡುವ ಕೋಣೆ. ಎರಡರ ಚಿಂತನೆಯೂ ತದ್ವಿರುದ್ಧ. ಅಕ್ಷರಗಳ ಹೋಲಿಕೆಯನ್ನು ನೋಡಿ ವಂಶವೃಕ್ಷ ಬರೆಯುವುದು, ಹೆಸರಿನ ಹೋಲಿಕೆಯನ್ನು ಹಿಡಿದು ರಾಜವಂಶಗಳನ್ನು ಗಂಟುಹಾಕುತ್ತಿದ್ದ ಹಳೆಯ ಚರಿತ್ರಕಾರರ ತಪ್ಪನ್ನೇ ಮತ್ತೆ ಮಾಡಿದಂತೆ.

ಆದರೆ ಇಷ್ಟರಿಂದ ಟೀಕಾಕಾರರ ಮಾತು ಬಿದ್ದುಹೋಗುವುದಿಲ್ಲ. ಪೆಟ್ಟಿಗೆಯೊಂದು ಇದ್ದುದು ನಿಜ. ಅದರೊಳಗೆ ಒಂದೇ ಬಗೆಯ ಸಂಸಾರ ಸೇರಿದ್ದೂ ನಿಜ. ಹಾಗಾದರೆ ಪೆಟ್ಟಿಗೆಗೆ ಮುಚ್ಚಳ ಹಾಕಿದವರು ಯಾರು? ತಾಮ್ರಶಾಸನವೊಂದು ಸಿಕ್ಕಿದಾಗ ಭೂಮಿಯ ಚತುಸ್ಸೀಮೆಯನ್ನು ಮಾತ್ರ ಓದಿ, ದಾನ ಪಡೆದವರು ಯಾರೆಂಬ ಭಾಗವನ್ನು ಬಿಡುವ ವಿದ್ಯಾರ್ಥಿಗೆ ನಾವು ಅಂಕ ಕೊಡುವುದಿಲ್ಲ. ನಕ್ಷೆಯೆಂದರೆ ಚತುಸ್ಸೀಮೆ. ಪ್ರತಿಗ್ರಹಿಗಳ ಪಟ್ಟಿ ಬೇರೆ ಕಡೆ ಇದೆ. ಅದು ೧೯೫೧ರ ಕಾಯಿದೆಯಲ್ಲಿಯೇ ಇದೆ.

ಆ ಕಾಯಿದೆಯ ಪ್ರಕಾರ ಸಾರ್ವಜನಿಕ ವಸತಿಗೆ ಅರ್ಜಿ ಹಾಕುವವನೊಡನೆ ವಾಸಮಾಡುವ ಬಂಧುವೊಬ್ಬರು ಇರಲೇಬೇಕು. ಮದುವೆ ನಿಶ್ಚಯವಾದವರನ್ನೂ, ನೋಂದಣಿಯಿಲ್ಲದೆ ದಂಪತಿಗಳಂತೆ ಇರುವವರನ್ನೂ ಬಂಧುಗಳೆಂದು ಲೆಕ್ಕಿಸುವಷ್ಟು ಔದಾರ್ಯ ಕಾಯಿದೆಗಿತ್ತು. ಒಂಟಿಯಾದವರಿಗೆ ಮಾತ್ರ ಬಾಗಿಲಿಲ್ಲ. ಯುದ್ಧದಲ್ಲಿ ಗಂಡಂದಿರನ್ನೂ ಮಕ್ಕಳನ್ನೂ ಕಳೆದುಕೊಂಡವರು ಅಸಂಖ್ಯಾತರಿದ್ದ ದೇಶದಲ್ಲಿ ಈ ನಿಯಮದ ಕ್ರೌರ್ಯವನ್ನು ಊಹಿಸಬಹುದು. ೧೯೮೦ರಲ್ಲಿ ತಿದ್ದುಪಡಿಯಾಗಿ ವೃದ್ಧರು, ಅಂಗವಿಕಲರು ಮೊದಲಾದ ಕೆಲವು ವರ್ಗದ ಒಂಟಿಗರಿಗೆ ಅವಕಾಶವಾಯಿತು. ಬಂಧು ಇರಬೇಕೆಂಬ ನಿಯಮವನ್ನೇ ದೇಶದ ಕಾಯಿದೆಯಿಂದ ತೆಗೆದುಹಾಕಿದ್ದು ೨೦೧೧ರಲ್ಲಿ; ೨೦೧೨ರಿಂದ ಆ ವಿಷಯವನ್ನು ಆಯಾ ಸ್ಥಳೀಯ ಆಡಳಿತಗಳಿಗೆ ಬಿಡಲಾಯಿತು. ಎಂದರೆ, ನಕ್ಷೆಗಳು ಹತ್ತಾರು ಬಾರಿ ಬದಲಾದ ಆರು ದಶಕಗಳ ಕಾಲ ಪ್ರವೇಶದ ನಿಯಮ ಬಹುಮಟ್ಟಿಗೆ ಬದಲಾಗಲಿಲ್ಲ. ನಿಗಮದ ದಂಚಿಗಳ ಮಾತು ಸ್ವಲ್ಪ ಬೇರೆ. ಒಂಟಿ ಜನರಿಗೆಂದು ಅದು ಕೆಲವು ಮನೆಗಳನ್ನು ಕಟ್ಟಿತ್ತೆಂಬುದನ್ನು ಮರೆಮಾಚಬಾರದು. ಆದರೆ ಅಲ್ಲಿಯೂ ಬಹುಪಾಲು ಮನೆಗಳು ಸಂಸಾರಸ್ಥರಿಗೇ ಮೀಸಲು, ಜೊತೆಗೆ ಇಂತಿಷ್ಟು ವರಮಾನ ಇರಲೇಬೇಕೆಂಬ ಕಟ್ಟು ಬೇರೆ.

ನಮ್ಮ ವಾದಕ್ಕೆ ಇನ್ನೂ ಬಲವಾದ ಪ್ರಮಾಣ ಯುದ್ಧಪೂರ್ವದಲ್ಲಿಯೇ ದೊರೆಯುತ್ತದೆ. ೧೯೨೩ರ ಮಹಾಭೂಕಂಪದ ಪರಿಹಾರಕ್ಕೆಂದು ಬಂದ ದೇಣಿಗೆಯ ಹಣದಿಂದ ೧೯೨೪ರಲ್ಲಿ ದೋಜುಂಕಾಯ್ ಎಂಬ ಸಂಸ್ಥೆ ಹುಟ್ಟಿತು. ಟೋಕಿಯೋ ಮತ್ತು ಯೋಕೋಹಾಮಗಳಲ್ಲಿ ಕಾಂಕ್ರೀಟಿನ ಬಹುಮಹಡಿ ವಸತಿಗಳನ್ನು ಕಟ್ಟಿತು. ಅವುಗಳಲ್ಲೊಂದು ೧೯೩೦ರ ಒತ್ಸುಕ ಮಹಿಳಾ ವಸತಿ: ದುಡಿಯುವ ಅವಿವಾಹಿತ ಹೆಣ್ಣುಮಕ್ಕಳಿಗೆಂದೇ ಕಟ್ಟಿದ್ದು, ಒಬ್ಬೊಬ್ಬರಿಗೆ ಒಂದು ಕೋಣೆ, ಕೆಳಗೆ ಊಟದ ಮನೆ ಮತ್ತು ಸಾಮೂಹಿಕ ಸ್ನಾನಗೃಹ. ೧೯೩೪ರ ಎದೊಗಾವ ವಸತಿಯಲ್ಲಿ ಸಂಸಾರಗಳ ಮನೆಗಳ ಮೇಲಿನ ಅಂತಸ್ತುಗಳಲ್ಲಿ ಒಂಟಿಗರ ಕೋಣೆಗಳು. ಆ ಕಾಲದ ವಾಸ್ತುಶಿಲ್ಪಿಗಳಿಗೆ ಯುವತಿಯೊಬ್ಬಳು ಯಾರ ಮಗಳೂ ಯಾರ ಹೆಂಡತಿಯೂ ಆಗಿರದೆ ಮನೆಯೊಂದರ ಒಡತಿಯಾಗಿರುವುದು ಕಲ್ಪನೆಗೆ ಮೀರಿದ ವಿಷಯವಾಗಿರಲಿಲ್ಲ. ಇಪ್ಪತ್ತು ವರ್ಷಗಳ ತರುವಾಯ ಆಕೆ ಕಾಣೆಯಾದಳು. ನಕ್ಷೆ ಬರೆಯುವ ಕೈ ಮರೆತುದರಿಂದಲ್ಲ, ಅರ್ಜಿಯ ನಮೂನೆಯಲ್ಲಿ ಆಕೆಗೆ ಅಂಕಣವಿಲ್ಲದುದರಿಂದ. ಯಾಮಾಮೋಟೋ ಅವರು ದೂಷಿಸಬೇಕಾದದ್ದು ಯೋಶಿತಾಕೆಯವರ ಸೀಸದಕಡ್ಡಿಯನ್ನಲ್ಲ ಎಂದು ನಾವು ಹೇಳುವುದು ಈ ಕಾರಣದಿಂದ. ೨೦೦೩ರಲ್ಲಿ ಒತ್ಸುಕದ ಕಟ್ಟಡವನ್ನು ಕೆಡವಿದರು.

ಇಲ್ಲಿ ಒಂದು ಆಕ್ಷೇಪವನ್ನು ನಿರೀಕ್ಷಿಸಬಹುದು. ನಿಯಮ ಬದಲಾದರೆ ಸಾಕೆ, ನಕ್ಷೆ ಹೇಗಿದ್ದರೂ ಆದೀತೆ ಎಂದು. ಹಾಗಲ್ಲ. ಯಾಮಾಮೋಟೋ ಅವರೇ ೧೯೯೧ರಲ್ಲಿ ಕುಮಾಮೋಟೋದ ಹೋತಕುಬೊದಲ್ಲಿ ೧೧೦ ಮನೆಗಳ ಸಾರ್ವಜನಿಕ ವಸತಿಯೊಂದನ್ನು ರಚಿಸಿದರು. ಮಧ್ಯದಲ್ಲಿ ದೊಡ್ಡ ಅಂಗಳ, ಸುತ್ತ ಮನೆಗಳು. ಅಂಗಳವನ್ನು ಸೇರಲು ಅವರವರ ಮನೆಯ ಮೂಲಕವೇ ದಾರಿ. ಪ್ರತಿ ಮನೆಯೂ ಎರಡು ತುಂಡಾಗಿ, ನಡುವೆ ಬಯಲಿಗೆ ತೆರೆದ ಸ್ಥಳ. ಸಂಸಾರದೊಳಗಿನ ವ್ಯಕ್ತಿಗಳು ಬಿಡಿಬಿಡಿಯಾಗಿ, ಸಮುದಾಯ ಒಟ್ಟಾಗಿ ಎಂಬ ವಿಚಾರ ಅಲ್ಲಿ ಕಲ್ಲುಕಾಂಕ್ರೀಟಿನಲ್ಲಿ ಮೂಡಿದೆ. ಚಳಿಗಾಲದಲ್ಲಿ ಮಲಗುವ ಕೋಣೆಯಿಂದ ಅಡಿಗೆಮನೆಗೆ ಬಯಲಲ್ಲಿ ಹಾದುಹೋಗಬೇಕಾದ ಬಾಡಿಗೆದಾರನ ಅಭಿಪ್ರಾಯ ಸಿದ್ಧಾಂತಕ್ಕೆ ಅನುಕೂಲವಾಗಿರಬೇಕೆಂದಿಲ್ಲ. ಜಗಲಿ ಮತ್ತು ಹಿತ್ತಿಲುಗಳ ನಡುವೆ ಬೆಳೆದ ನಮಗೆ ಆ ಅಂಗಳ ಆಕರ್ಷಕವಾಗಿ ತೋರುತ್ತದೆ. ಆದರೆ ಕಾಯಿದೆಯ ದೃಷ್ಟಿಯಲ್ಲಿ ಅದೂ ಸಾರ್ವಜನಿಕ ವಸತಿಯೇ. ಅಂಗಳದ ಸುತ್ತ ಸೇರಿದ ತರುಣರು ಮತ್ತೆ ಅದೇ ನಿಯಮದಲ್ಲಿ ಆಯ್ದುಬಂದವರೇ. ೨೦೨೪ರಲ್ಲಿ ಪ್ರಿಟ್ಜ್‌ಕರ್ ಬಹುಮಾನ ಪಡೆದ ಈ ಮಹಾಶಿಲ್ಪಿಯ ಬಗ್ಗೆ ನಮಗೆ ಗೌರವ ಕಡಿಮೆಯೇನೂ ಇಲ್ಲ. ಅವರ ನಕ್ಷೆಯೂ ಚತುಸ್ಸೀಮೆಯೇ ಎಂಬುದಷ್ಟೇ ನಮ್ಮ ಮಾತು.

ಇನ್ನು ಆ ಹೊಸ ತಲೆಮಾರಿನ ಗತಿ. ಟೋಕಿಯೋದ ಹೊರವಲಯದ ಮತ್ಸುದೊ ನಗರದಲ್ಲಿ ೧೯೬೦ರಲ್ಲಿ ತೊಕಿವದಾಯಿರ ದಂಚಿ ತೆರೆಯಿತು. ಆ ನಗರದ ವಸ್ತುಸಂಗ್ರಹಾಲಯ ೧೯೯೩ರಲ್ಲಿ ಪ್ರಾರಂಭವಾದಾಗ ಅಲ್ಲಿನ ೨ ಡಿ. ಕೆ. ಮನೆಯೊಂದನ್ನು ಪೂರ್ಣ ಅಳತೆಯಲ್ಲಿ, ಮೇಜು, ಕುರ್ಚಿ, ಬಟ್ಟೆ ಒಗೆಯುವ ಯಂತ್ರಗಳೊಡನೆ ಪ್ರದರ್ಶನಕ್ಕೆ ಇಟ್ಟರು. ಕಟ್ಟಡಗಳು ಹೊರಗೆ ಇನ್ನೂ ನಿಂತಿರುವಾಗಲೇ, ಅವುಗಳಲ್ಲಿ ಜನ ಬಾಳುತ್ತಿರುವಾಗಲೇ, ಅದೇ ಮನೆ ಒಳಗೆ ಪ್ರಾಚ್ಯವಸ್ತುವಾಯಿತು. ೨೦೦೧ರಲ್ಲಿ ಅದೇ ದಂಚಿಯಲ್ಲಿ ಒಂಟಿಯಾಗಿದ್ದ ವೃದ್ಧರೊಬ್ಬರು ಸತ್ತು ಮೂರು ವರ್ಷಗಳಾಗಿದ್ದುದು ಬೆಳಕಿಗೆ ಬಂದು ದೇಶವೇ ಬೆಚ್ಚಿತು. ನಿವಾಸಿಗಳು ಆ ಮೇಲೆ ನೆರೆಹೊರೆಯವರನ್ನು ವಿಚಾರಿಸಿಕೊಳ್ಳುವ ಏರ್ಪಾಡುಗಳನ್ನು ತಾವೇ ಮಾಡಿಕೊಂಡರು. ಹೆಮ್ಮೆಯ ಉಕ್ಕಿನ ಕದ ಈಗ ಇನ್ನೊಂದು ರೀತಿಯಲ್ಲಿ ಭದ್ರವಾಗಿತ್ತು. ೧೯೫೫ರಲ್ಲಿ ಜಪಾನಿನ ಸಂಸಾರವೊಂದರಲ್ಲಿ ಸರಾಸರಿ ಸುಮಾರು ಐವರು ಇದ್ದರು. ೨೦೨೦ರ ಜನಗಣತಿಯಲ್ಲಿ ಸರಾಸರಿ ೨.೨೧, ಒಂಟಿ ವಾಸದ ಮನೆಗಳು ನೂರಕ್ಕೆ ೩೮. ನಮ್ಮ ವಿದ್ಯಾರ್ಥಿಯ ಪ್ರಶ್ನೆಗೆ ಉತ್ತರವೂ ಇಲ್ಲಿ ಸಿಕ್ಕುತ್ತದೆ. ೧೯೬೦ರಲ್ಲಿ ಅಜ್ಜಿಗೆ ಆ ನಕ್ಷೆಯಲ್ಲಿ ಸ್ಥಳವಿರಲಿಲ್ಲ, ಏಕೆಂದರೆ ಆಕೆಯನ್ನು ಹಳ್ಳಿಯಲ್ಲಿ ಬಿಟ್ಟುಬರುವುದೇ ಆ ಮನೆಯ ಆಕರ್ಷಣೆಯಾಗಿತ್ತು. ಇಂದು ಅಲ್ಲಿ ಆರು ಚಾಪೆಯ ಕೋಣೆಯಲ್ಲಿ ಒಬ್ಬಳೇ ಮಲಗುವವಳು ಆಗಿನ ಸೊಸೆ.

ನಿಗಮದ ಉತ್ತರಾಧಿಕಾರಿ ಸಂಸ್ಥೆಯಾದ ನಗರ ಪುನರುಜ್ಜೀವನ ಸಂಸ್ಥೆ ತೆರವಾದ ಹಳೆಯ ಮನೆಗಳಿಗೆ ಮತ್ತೆ ತರುಣರನ್ನು ಕರೆತರಬೇಕೆಂದು ೨೦೧೨ರಿಂದ ಮುಜಿ ಎಂಬ ಗೃಹೋಪಯೋಗಿ ಸಾಮಗ್ರಿಗಳ ವ್ಯಾಪಾರಸಂಸ್ಥೆಯೊಡನೆ ಕೂಡಿ ನವೀಕರಣ ಕಾರ್ಯ ನಡೆಸಿದೆ. ಆ ಚಿತ್ರಗಳನ್ನು ನೋಡಿದವರಿಗೆ ಮೊದಲು ಕಾಣುವುದು, ಕೋಣೆಗಳ ನಡುವಣ ಅಡ್ಡಗಳನ್ನೆಲ್ಲ ತೆಗೆದು ಮನೆಯನ್ನು ಒಂದೇ ಬಯಲಿನಂತೆ ಮಾಡಿರುವುದು. ಹಳೆಯ ಮರದ ಕಂಬಗಳನ್ನು ಮಾತ್ರ ಹಾಗೆಯೇ ಉಳಿಸಿ, ಅಡಿಗೆಯ ಕಟ್ಟೆಯನ್ನು ಕೋಣೆಯತ್ತ ಮುಖಮಾಡಿ ನಿಲ್ಲಿಸಿದ್ದಾರೆ. ನಿಶಿಯಾಮರು ಪ್ರತ್ಯೇಕಿಸಿದ ಊಟ ಮತ್ತು ನಿದ್ರೆ, ಯೋಶಿತಾಕೆಯವರು ಗೋಡೆಯಿಂದ ಬೇರ್ಪಡಿಸಿದ ಎರಡು ಕೋಣೆ, ಇವು ಮತ್ತೆ ಒಂದಾದುವು. ಇದನ್ನು ಹಿನ್ನಡೆಯೆಂದು ಹೇಳಲು ನಮಗೆ ಮನಸ್ಸಿಲ್ಲ. ಗೋಡೆ ಬೇಕಾದದ್ದು ಇಬ್ಬರ ಮಧ್ಯೆ. ಒಬ್ಬರೇ ಇರುವ ಮನೆಯಲ್ಲಿ ಅದು ಯಾರಿಂದ ಯಾರನ್ನು ಕಾಯಬೇಕು? ಆದರೆ ಇಬ್ಬರು ಮಕ್ಕಳೊಡನೆ ಅದೇ ನಾಲ್ಕೂಕಾಲು ಚದರಕ್ಕೆ ಬರುವ ದಂಪತಿಗಳಿಗೆ ೧೯೫೧ರ ಗೋಡೆ ಇಂದೂ ಬೇಕಾಗುತ್ತದೆ. ಅವರು ಅದನ್ನು ತಮ್ಮ ಕಪಾಟುಗಳನ್ನು ಅಡ್ಡ ನಿಲ್ಲಿಸಿ ಕಟ್ಟಿಕೊಳ್ಳುವರೋ ಎಂಬುದನ್ನು ನಿಶಿಯಾಮರಂತೆ ಮನೆಮನೆಗೆ ಹೋಗಿ ನೋಡಿಯೇ ತಿ��ಿಯಬೇಕಾಗಿದೆ.